ಬುಟ್ಟಿಯಲ್ಲಿದ್ದ ಹನ್ನೊಂದು ನಿಮಿಷ

ನಮ್ಮ ಕಚೇರಿಯ ಲಿಫ್ಟ್ ಕೆಟ್ಟು ಎಷ್ಟು ವರ್ಷವಾಯಿತೋ ಅಷ್ಟೇ ವರ್ಷದಿಂದ ನನಗೂ ಉಗ್ರಾಣದಕ್ಕನಿಗೂ ಜಗಳ. ಅವರದು ಮೂರನೇ ಮಹಡಿ, ನನ್ನದು ನೆಲಮಹಡಿ. ಎರಡನೇ ಮಹಡಿಗೆ ತಿರುಗುವಲ್ಲಿ ಕಿಟಕಿ ಪಕ್ಕ ಕಾಲು ಮುರಿದ ಬೆಂಚೊಂದಿದೆ, ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದಾರೆ. ಅಕ್ಕ ಮಂಡಿ ಹಿಡಿದುಕೊಂಡು ಅಲ್ಲಿ ಕೂರುತ್ತಿದ್ದರು, ನಾನು ಏದುಸಿರು ಬಿಡುತ್ತಾ ಅಲ್ಲಿ ಕೂರುತ್ತಿದ್ದೆ. ಸಭೆಯಲ್ಲಿ ಹಾವು ಮುಂಗುಸಿ, ಬೆಂಚಿನ ಮೇಲೆ ಮಾತ್ರ ಸುಸ್ತಾದ ಇಬ್ಬರು ನೌಕರರು.

ನಮ್ಮದು ಆಂಬುಲೆನ್ಸ್ ಸೇವೆ. ಮೇಲೆ ಫೋನ್ ಕೋಣೆ, ಕೆಳಗೆ ಗಾಡಿ ವಿಭಾಗ. ಗಾಡಿ ವಿಭಾಗಕ್ಕೆ ನಾನು ಮುಖ್ಯಸ್ಥ, ಹಾಗಾಗಿ ಎಲ್ಲರ ಬಾಯಲ್ಲೂ ಗಾಡಿಯಣ್ಣ. ಮೇಲೆ ಫೋನ್ ಎತ್ತಿದವರು ವಿಳಾಸ ಬರೆದುಕೊಂಡು ಗುಂಡಿ ಒತ್ತಿದರೆ ನಮ್ಮ ಕೌಂಟರಿನ ಪ್ರಿಂಟರಿನಲ್ಲಿ ಒಂದು ಚೀಟಿ ಬರುತ್ತದೆ. ಅದನ್ನು ಹರಿದು ನೀಲಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕುತ್ತೇವೆ. ಗಾಡಿ ಹಂಚುವವನು ಬುಟ್ಟಿಯಿಂದ ಚೀಟಿ ತೆಗೆದು ತನ್ನ ಕಂಪ್ಯೂಟರಿಗೆ ಹಾಕಿದ ಮೇಲೆ ಗಾಡಿ ಹೊರಡುತ್ತದೆ. ಗುಂಡಿ ಒತ್ತಿದೊಡನೆ ಫೋನ್ ಕೋಣೆಯ ಗಡಿಯಾರ ನಿಲ್ಲುತ್ತದೆ, ಚೀಟಿ ತೆಗೆದಾಗ ನಮ್ಮ ಗಡಿಯಾರ ಶುರುವಾಗುತ್ತದೆ. ನಡುವೆ ಚೀಟಿ ಬುಟ್ಟಿಯಲ್ಲಿ ಬಿದ್ದಿರುವ ಹೊತ್ತು ಯಾರ ದಾಖಲೆಯಲ್ಲೂ ಇಲ್ಲ. ಅವರೂ ಚುರುಕು, ನಾವೂ ಚುರುಕು, ರೋಗಿಯೊಬ್ಬ ಮಾತ್ರ ಕಾಯುತ್ತಿರುತ್ತಾನೆ.

ಅಕ್ಕನಿಗೆ ಬೇಕಿದ್ದದ್ದು ಇಷ್ಟೇ: ಆ ಬುಟ್ಟಿಯ ಹೊತ್ತು ಎಲ್ಲಾದರೂ ದಾಖಲಾಗಬೇಕು. ಮೊದಲು ಅವರೂ ಫೋನ್ ಎತ್ತುವ ಕೆಲಸದಲ್ಲಿದ್ದವರು. ನಲವತ್ತರ ಹತ್ತಿರ ಬಂದಮೇಲೆ ಡೇಟಾ ಪಾಠಗಳನ್ನು ಓದಿ, ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಪಾಸಾಗಿ ಅಂಕಿಅಂಶದ ಕೋಣೆಗೆ ಬಂದರು. ಕೋಣೆ ಅಂದರೆ ಹಿಂದೆ ಕಂಬಳಿ ಇಡುತ್ತಿದ್ದ ಜಾಗ, ಇನ್ನೂ ಫಿನಾಯಿಲ್ ವಾಸನೆ. ಮನೆಯಲ್ಲಿ ಇರುವವರು ಕಿವಿ ಮಂದವಾದ ತಾಯಿ ಒಬ್ಬರೇ. ಆ ತಾಯಿ ದಿನಾ ಐದೂವರೆಗೆ ಫೋನ್ ಮಾಡಿ "ಹೊರಟ್ಯಾ?" ಎಂದು ಕೇಳುತ್ತಿದ್ದರು. ನಾವೆಲ್ಲ ಇನ್ನೂ ಚಪ್ಪಲಿ ಹುಡುಕುತ್ತಿರುವಾಗಲೇ "ಬಂದೆ ಬಂದೆ, ದಾರೀಲಿದೀನಿ" ಅನ್ನುವ ಜನ. ಅಕ್ಕ ಮಾತ್ರ ಇಡೀ ಮಹಡಿಗೆ ಕೇಳುವ ಹಾಗೆ ಕೂಗುತ್ತಿದ್ದರು: "ಇಲ್ಲಮ್ಮಾ, ಇನ್ನೂ ಕುರ್ಚಿ ಮೇಲೇ ಇದೀನಿ!" ಅದನ್ನು ಅಣಕಿಸಿ ನಗದವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾನಂತೂ ಮುಂದಾಳು.

ಮಾಹಿತಿ ಕೂಡಿಡುವ ವ್ಯವಸ್ಥೆ ಹೇಗಿರಬೇಕೆಂದು ಹೇಳಲು ಮೂರು ವರ್ಷದಲ್ಲಿ ಮೂರನೇ ಸಲಹೆಗಾರ ಬಂದ. ಬೋರ್ಡಿನ ಮೇಲೆ ಎರಡು ಚಿತ್ರ ಬರೆದ.

"ಇದು ಮೊದಲನೇ ದಾರಿ. ಇಡೀ ಸಂಸ್ಥೆಗೆ ಒಂದೇ ದೊಡ್ಡ ಡೇಟಾ ವೇರ್‌ಹೌಸ್, ಉಗ್ರಾಣ ಅಂದ್ಕೊಳ್ಳಿ. ಎಲ್ಲಾ ವಿಭಾಗದ ಮಾಹಿತಿ, ಹದಿನೈದು ವರ್ಷದ ಹಳೇದೂ ಸೇರಿ, ಒಂದೇ ಅಳತೆಗೆ ತಂದು ಅಲ್ಲಿ ತುಂಬೋದು. ಆಮೇಲೆ ಅಲ್ಲಿಂದ ತೆಗೆದು ಒಂದೊಂದು ವಿಭಾಗಕ್ಕೂ ಒಂದೊಂದು ಸಣ್ಣ ಅಂಗಡಿ ಹಾಕ್ಕೊಡೋದು. ಆ ಅಂಗಡಿಗೆ ಡೇಟಾ ಮಾರ್ಟ್ ಅಂತೀವಿ. ಎರಡನೇ ದಾರೀಲಿ ಉಗ್ರಾಣ ಆಮೇಲೆ. ಮೊದಲು ಪ್ರತಿ ವಿಭಾಗಕ್ಕೂ ಅದರದೇ ಅಂಗಡಿ, ಇವತ್ತಿನ ಮಾಹಿತಿಯಿಂದ ಶುರು."

"ಎಷ್ಟು ದಿನ ಹಿಡಿಯುತ್ತೆ?" ಎಂದರು ನಮ್ಮ ದೊಡ್ಡ ಸಾಹೇಬರು.

"ಮೊದಲನೇದಕ್ಕೆ ಎರಡು ವರ್ಷ. ಎರಡನೇದಕ್ಕೆ ಎರಡು ತಿಂಗಳು."

ಸಾಹೇಬರ ಮುಖ ಅಲ್ಲೇ ಅರಳಿತು. ಅಕ್ಕ ಮೂರು ವರ್ಷದಿಂದ ಉಗ್ರಾಣ ಉಗ್ರಾಣ ಎಂದು ಬಾಯಿ ಬಡಿದುಕೊಂಡಿದ್ದರಿಂದಲೇ ಅವರಿಗೆ ಆ ಹೆಸರು ಬಿದ್ದದ್ದು. ಈಗಲೂ ಎದ್ದು ನಿಂತರು. ನಾನು ಟೇಬಲ್ ಕುಟ್ಟಿ ಅವರಿಗಿಂತ ಮೊದಲೇ ಬಾಯಿ ಹಾಕಿದೆ.

"ನಮಗೆ ನಮ್ಮ ಅಂಗಡಿ ಸಾಕು ಸರ್. ಅವರು ಕರೆಗೆ ನಂಬರ್ ಕೊಡ್ತಾರೆ, ನಾವು ಟ್ರಿಪ್ಪಿಗೆ ನಂಬರ್ ಕೊಡ್ತೀವಿ. ಒಂದು ಅಪಘಾತ ಆದ್ರೆ ಐದು ಜನ ಫೋನ್ ಮಾಡ್ತಾರೆ, ಹೋಗೋದು ಒಂದೇ ಗಾಡಿ. ಎರಡನ್ನೂ ಗಂಟು ಹಾಕೋಕೆ ಹೋದ್ರೆ ಎಲ್ಲರ ತಲೆಯೂ ಕೆಡುತ್ತೆ, ಅಷ್ಟೇ. ಇನ್ನು ಆ ಹಳೇ ಚೀಟಿಗಳು! ಮೆಟ್ಟಿಲ ಕೆಳಗೆ ಗೋಣಿಚೀಲದಲ್ಲಿ ಇಲಿ ಕಚ್ಚಿ ಬಿದ್ದಿವೆ. ಅದನ್ನೆಲ್ಲ ಕೂತು ತುಂಬೋರು ಯಾರು?"

ಅಕ್ಕ ಕನ್ನಡಕವನ್ನು ಹಣೆಗೇರಿಸಿ ಕಣ್ಣುಜ್ಜಿಕೊಂಡರು. "ಒಂದೇ ಪ್ರಶ್ನೆ. ಚೀಟಿ ಬುಟ್ಟೀಲಿರೋ ಹೊತ್ತು ಯಾರ ಅಂಗಡೀಲಿ ಸಿಗುತ್ತೆ?"

ಸಲಹೆಗಾರ ತಡವರಿಸಿದ. "ಅದು ಎರಡು ವಿಭಾಗಕ್ಕೂ ಸೇರಲ್ವಲ್ಲ ಮೇಡಂ."

"ಅದಕ್ಕೇ ಕೇಳಿದ್ದು."

ಸಾಹೇಬರು ಗಡಿಯಾರ ನೋಡಿದರು. ಯಾವ ದಾರಿ ಎಂದು ಅಕ್ಕನೇ ಆರಿಸಿ ಬರೆದುಕೊಡಬೇಕು, ಅದಕ್ಕೆ ಫೋನ್ ಕೋಣೆಯ ಮುಖ್ಯಸ್ಥೆಯದೂ ನನ್ನದೂ ಸಹಿ ಇರಬೇಕು ಎಂದು ಹೇಳಿ ಎದ್ದುಹೋದರು.

ಇಳಿಯುವಾಗ ನೋಡಿದರೆ ಅಕ್ಕ ಬೆಂಚಿನ ಮೇಲಿದ್ದರು. ನಾನೂ ಕೂತೆ. ಕಾಲೆಳೆಯೋಣ ಅಂದುಕೊಂಡು "ಏನಕ್ಕಾ, ನಿಮ್ಮ ಉಗ್ರಾಣಕ್ಕೆ ಬೀಗ ಬಿತ್ತಾ?" ಎಂದೆ.

ಅವರು ನಗಲಿಲ್ಲ. "ಸಾಕಾಗಿದೆ ಅಣ್ಣಾ. ಹನ್ನೆರಡು ವರ್ಷ ಆಯ್ತು. ಒಬ್ಬಳು ಫೋನ್ ಮಾಡಿದ್ಲು, ನಮ್ಮಪ್ಪ ಕೂತಲ್ಲೇ ಒಂಥರಾ ಆಗ್ಬಿಟ್ಟಿದಾರೆ, ಮಾತಾಡ್ತಿಲ್ಲ ಅಂತ. ಒಂದೂ ಐವತ್ತಕ್ಕೆ ನಾನು ಗುಂಡಿ ಒತ್ತಿದೆ. ಮೂರು ನಿಮಿಷ ಬಿಟ್ಟು ಮತ್ತೆ ಮಾಡಿದ್ಲು. ಗಾಡಿ ಹೊರಟಿದ್ಯಾ, ಇಲ್ಲಾಂದ್ರೆ ಪಕ್ಕದ ಮನೆಯೋರ ಕಾರಿದೆ, ಅದರಲ್ಲೇ ಕರ್ಕೊಂಡು ಹೋಗ್ಲಾ ಅಂತ ಕೇಳಿದ್ಲು. ನನ್ನ ಪರದೆ ಮೇಲೆ ಆ ಕರೆ ಮುಗಿದಿದೆ ಅಂತಿತ್ತು. ಹೊರಟಿದೆಯಮ್ಮಾ, ಕಾಯಿರಿ ಅಂದೆ."

ಕಿಟಕಿಯಾಚೆ ಗೇಟಿನ ಕಡೆ ನೋಡಿದರು.

"ಗಾಡಿ ಹೊರಟಿದ್ದು ಎರಡೂ ಒಂದಕ್ಕೆ. ಅವಳು ನನ್ನ ಮಾತು ನಂಬಿ ಕಾದ್ಲು. ಅಪ್ಪ ಉಳೀಲಿಲ್ಲ. ಆ ತಿಂಗಳ ಚುರುಕು ನೌಕರ ಪ್ರಶಸ್ತಿ ಯಾರಿಗೆ ಬಂತು ಗೊತ್ತಾ? ನನಗೆ. ನಿಮ್ಮ ವಿಭಾಗಕ್ಕೂ ಒಂದು ಫಲಕ ಬಂತು."

ಫಲಕ ನನ್ನ ಕುರ್ಚಿಯ ಹಿಂದೆ ಗೋಡೆಯ ಮೇಲೇ ಇದೆ. ನಾನು "ಹೌದಾ, ಪಾಪ" ಎಂದು ಎದ್ದು ಬಂದುಬಿಟ್ಟೆ.

ಈಗ ನನ್ನ ಮಾತು ಹೇಳುತ್ತೇನೆ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು. ನಮ್ಮ ಕೆಳಗಿನವರಲ್ಲಿ ಒಂದು ರೂಢಿ ಇತ್ತು. ಎರಡು ಗಂಟೆಗೆ ಪಾಳಿ ಬದಲು. ಕೊನೆಯ ಹತ್ತು ನಿಮಿಷದಲ್ಲಿ ಬಂದ ಚೀಟಿಯನ್ನು ಬುಟ್ಟಿಯಲ್ಲಿ ಬೋರಲು ಹಾಕುತ್ತಿದ್ದೆವು. ಬೋರಲು ಇದೆ ಅಂದರೆ ಮುಂದಿನ ಪಾಳಿಯವರದು ಎಂದರ್ಥ. ತೆಗೆದುಕೊಂಡರೆ ಮನೆಗೆ ಹೊರಟ ಡ್ರೈವರ್ ಇನ್ನೆರಡು ಗಂಟೆ ಸಿಕ್ಕಿಹಾಕಿಕೊಳ್ಳುತ್ತಾನಲ್ಲ! ಅವತ್ತು ಕೌಂಟರಿನಲ್ಲಿ ಚೀಟಿ ಹರಿದವನು ನಾನೇ. ಡ್ರೈವರಿನ ಮಗಳಿಗೆ ಜ್ವರ, ಅವನು ಆಗಲೇ ಸಮವಸ್ತ್ರ ಬಿಚ್ಚುತ್ತಿದ್ದ. ನಾನು ಚೀಟಿ ಓದಲೂ ಇಲ್ಲ. ಬೋರಲು ಹಾಕಿ ಅವನ ಜೊತೆ ಯಾವ ಔಷಧಿ ಕೊಟ್ಟರು ಎಂದು ಮಾತಿಗೆ ನಿಂತೆ. ಮೂರ್ನಾಲ್ಕು ದಿನದ ಮೇಲೆ ಆ ಚೀಟಿಯ ರೋಗಿ ಸತ್ತ ಸುದ್ದಿ ಕಿವಿಗೆ ಬಿತ್ತು. ಬಾಯಿ ಬಿಡಲಿಲ್ಲ. ಆ ಚೀಟಿ, ಅದಕ್ಕೆ ಪಿನ್ ಹೊಡೆದ ಟ್ರಿಪ್ ಹಾಳೆ, ಎರಡೂ ಮೆಟ್ಟಿಲ ಕೆಳಗಿನ ಗೋಣಿಚೀಲದಲ್ಲಿವೆ. ಅಕ್ಕನ ಉಗ್ರಾಣ ಬಂದರೆ ಹಳೆಯದೆಲ್ಲ ಹೊರಬರುತ್ತದೆ. ಅಂಗಡಿಯಾದರೆ ಇವತ್ತಿನಿಂದ ಶುರು. ನಾನು ಯಾಕೆ ಟೇಬಲ್ ಕುಟ್ಟಿ ಅಂಗಡಿ ಅಂಗಡಿ ಎಂದು ಅರಚಿದೆ ಎಂದು ಗೊತ್ತಾಯಿತಲ್ಲ.

ಗುರುವಾರ ಅಕ್ಕನ ಕಾಗದ ಬಂತು. ಅವರು ಆರಿಸಿದ್ದು ಎರಡೂ ಅಲ್ಲದ ಮೂರನೆಯದು. ಮೊದಲು ಅಂಗಡಿಗಳೇ ಆಗಲಿ, ಎರಡು ತಿಂಗಳಲ್ಲೇ ಆಗಲಿ. ಆದರೆ ಫೋನ್ ಬಂದಾಗ ಹುಟ್ಟಿದ ನಂಬರು ಗಾಡಿ ವಾಪಸು ಬರುವವರೆಗೂ ಬದಲಾಗಕೂಡದು. ಐದು ಕರೆಗೆ ಒಂದು ಗಾಡಿ ಹೋದರೆ ಆ ಟ್ರಿಪ್ಪಿನ ಮೇಲೆ ಐದು ನಂಬರೂ ಇರಬೇಕು. ಎರಡೂ ಅಂಗಡಿಗಳಲ್ಲಿ ಅದೇ ನಂಬರು, ಅದೇ ಗಡಿಯಾರ, 'ಹೊರಟಿದೆ' ಎಂಬುದಕ್ಕೆ ಒಂದೇ ಅರ್ಥ: ಗಾಡಿಯ ಹಿಂದಿನ ಚಕ್ರ ಗೇಟು ದಾಟಿರಬೇಕು. ಇಷ್ಟಿದ್ದರೆ ಉಗ್ರಾಣ ಇಲ್ಲದೆಯೂ ಬುಟ್ಟಿಯ ಹೊತ್ತು ತಾನಾಗಿ ಸಿಗುತ್ತದೆ. ಕೊನೆಯಲ್ಲಿ ಒಂದು ಸಾಲು: ಹಳೆಯ ಚೀಟಿಗಳನ್ನು ತುಂಬುವ ಅಗತ್ಯವಿಲ್ಲ.

ಆ ಸಾಲನ್ನು ಹತ್ತು ಸಲ ಓದಿದೆ. ನಿರಾಳವಾಗಬೇಕಿತ್ತು, ಆಗಲಿಲ್ಲ. ಫೋನ್ ಕೋಣೆಯ ಸಹಿ ಆಗಲೇ ಬಿದ್ದಿತ್ತು. ಕಾಗದವನ್ನು ಡ್ರಾಯರಿಗೆ ತುರುಕಿದೆ. ಒಂದು ವಾರ ಹೋಯಿತು, ಇನ್ನೆರಡು ದಿನ ಹೋದವು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಯೋಚನೆ. "ಏನ್ರೀ ಅದು, ಅನ್ನ ಕಲಸ್ತಾನೇ ಇದೀರಾ? ಅಷ್ಟು ಭಾರಾನಾ ಆ ಸಹಿ?" ಎಂದಳು ನನ್ನ ಹೆಂಡತಿ. ಅವಳ ಮೇಲೆ ರೇಗಿದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಹತ್ತನೇ ದಿನ ಮಧ್ಯಾಹ್ನ ಅಕ್ಕ ಕೆಳಗೆ ಬಂದರು. ಮೂರು ಮಹಡಿ ಇಳಿದು, ಗೋಡೆ ಹಿಡಿದುಕೊಂಡು, ಕೌಂಟರಿನ ಹತ್ತಿರ ನಿಂತರು. ಒಂದೂವರೆ ದಾಟಿತ್ತು. ಬುಟ್ಟಿ ಖಾಲಿಯಿತ್ತು. ಅದರ ಅಂಚನ್ನು ಮುಟ್ಟಿದರು.

"ಇದೇ ಬುಟ್ಟೀನಾ ಅಣ್ಣಾ, ಇಲ್ಲ ಬದಲಾಯಿಸಿದ್ರಾ?"

"ಇದೇ," ಎಂದೆ.

"ಅವತ್ತು ಅವಳ ಎರಡನೇ ಫೋನ್ ಇಟ್ಟು ಐದು ನಿಮಿಷ ಆದ ಮೇಲೆ ನನಗ್ಯಾಕೋ ತಡೀಲಿಲ್ಲ. ಒಂದೇ ಉಸಿರಿಗೆ ಮೆಟ್ಟಿಲು ಇಳಿದು ಬಂದೆ. ಆಗ ಮಂಡಿ ಗಟ್ಟಿ ಇತ್ತು. ಚೀಟಿ ಬೋರಲು ಬಿದ್ದಿತ್ತು. ನಾನೇ ತಿರುಗಿಸಿ ಇಟ್ಟೆ. ಹೊಸ ಪಾಳಿಯೋರು ಆಗತಾನೇ ಬಂದ್ರು, ತಗೊಂಡ್ರು." ಸ್ವಲ್ಪ ಉಸಿರು ತೆಗೆದುಕೊಂಡರು. "ನೀವು ಆ ಕಡೆ ತಿರುಗಿ ಡ್ರೈವರ್ ಜೊತೆ ಮಾತಾಡ್ತಿದ್ರಿ."

ಹನ್ನೆರಡು ವರ್ಷ! ಎಷ್ಟು ಸಭೆ, ಎಷ್ಟು ಜಗಳ. ಒಂದು ಮಾತು ಅಂದಿದ್ದರೆ ನನ್ನ ಬಾಯಿಗೆ ಅಲ್ಲೇ ಬೀಗ ಬೀಳುತ್ತಿತ್ತು.

"ಯಾಕಕ್ಕಾ ಹೇಳಲಿಲ್ಲ?"

"ಹೇಳಿ? ನಿಮ್ಮ ತಲೆ ಮೇಲೆ ಗೂಬೆ ಕೂರಿಸಿ ನಾನು ಕೈ ತೊಳ್ಕೊಂಡಂಗಾಗ್ತಿತ್ತು. ಹೊರಟಿದೆ ಅಂದೋಳು ನಾನಲ್ವಾ? ಹಳೇದು ಬೇಡ ಅಂತ ಬರೆದಿದೀನಿ. ಇನ್ನಾದ್ರೂ ಸಹಿ ಹಾಕಿ. ಇದಕ್ಕೋಸ್ಕರ ಮತ್ತೆ ಮೆಟ್ಟಿಲು ಹತ್ತಿಳಿಯೋಕೆ ನನ್ನ ಕೈಲಾಗಲ್ಲ."

ಕಾಗದ ತೆಗೆದೆ. ಸಹಿ ಹಾಕಿದೆ. ಕೊನೆಯ ಸಾಲಿನ ಮುಂದೆ 'ಒಂದು ಚೀಟಿಯ ಹೊರತು' ಎಂದು ಬರೆದು ಅದಕ್ಕೂ ಸಹಿ ಹಾಕಿದೆ. ಅಕ್ಕ ಕನ್ನಡಕ ಇಳಿಸಿ ಓದಿದರು, ಕಾಗದ ಮಡಚಿಕೊಂಡು ಮೆಟ್ಟಿಲು ಹತ್ತಿದರು.

ಆ ಚೀಟಿ ಹುಡುಕಲು ಮೂರು ದಿನ ಹಿಡಿಯಿತು. ಧೂಳಿಗೆ ಸೀನಿ ಸೀನಿ ಸಾಕಾಯಿತು. ಒಂದು ಮೂಲೆಯನ್ನು ಇಲಿ ತಿಂದಿತ್ತು, ನಂಬರು ಉಳಿದಿತ್ತು. ಎರಡು ತಿಂಗಳ ಮೇಲೆ ಅಂಗಡಿಗಳು ತೆರೆದ ದಿನ ಮೊಟ್ಟಮೊದಲ ಸಾಲನ್ನು ನಾನೇ ನನ್ನ ಒಂದು ಬೆರಳಿನಲ್ಲಿ ಕುಟ್ಟಿದೆ. ಕರೆ ಮುಗಿದದ್ದು ಒಂದೂ ಐವತ್ತು. ಗಾಡಿ ಹೊರಟದ್ದು ಎರಡೂ ಒಂದು. ಬುಟ್ಟಿಯಲ್ಲಿ ಹನ್ನೊಂದು ನಿಮಿಷ. ಕಾರಣ, ಪಾಳಿ ಬದಲು. ಹೊಣೆ ಎಂಬಲ್ಲಿ ನನ್ನ ಹೆಸರು ಹಾಕಿದೆ. ಪಕ್ಕದಲ್ಲಿ ಕೂತಿದ್ದ ಅಕ್ಕ ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡರು. ಇನ್ನೊಂದು ಅಂಕಣ ಸೇರಿಸಿದರು: 'ಹೊರಟಿದೆ ಎಂದು ಹೇಳಿದ ಸಮಯ'. ಒಂದೂ ಐವತ್ತಮೂರು ಎಂದು ತುಂಬಿ ತಮ್ಮ ಹೆಸರು ಬರೆದರು. ಆಮೇಲೆ ಕನ್ನಡಕ ತೆಗೆದಿಟ್ಟು ಅತ್ತರು. ನನಗೂ ತಡೆಯಲಾಗಲಿಲ್ಲ.

ಮೊದಲ ವಾರದ ವರದಿ ನೋಡಿ ಸಾಹೇಬರು ನನ್ನ ಬೆವರಿಳಿಸಿದರು. ಬುಟ್ಟಿಯ ಹೊತ್ತು ಸರಾಸರಿ ನಾಲ್ಕು ನಿಮಿಷ, ಪಾಳಿ ಬದಲಿನಲ್ಲಿ ಒಂಬತ್ತು. ಬೈಸಿಕೊಂಡೆ. ನೋಟಿಸೂ ಬಂತು. ಫಲಕವನ್ನು ಗೋಡೆಯಿಂದ ಇಳಿಸಿದ್ದೇನೆ, ಆ ಜಾಗದಲ್ಲಿ ಮೊಳೆ ಇನ್ನೂ ಇದೆ. ಚೀಟಿ ಬೋರಲು ಹಾಕುವ ರೂಢಿ ನಿಂತಿದೆ, ನಿಲ್ಲಿಸಿದ್ದಕ್ಕೆ ಡ್ರೈವರುಗಳು ನನ್ನ ಮುಖ ನೋಡಿದರೆ ಮೂಗು ಮುರಿಯುತ್ತಾರೆ. ಕೆಳಗಿನಿಂದ ನಾವು ಹೇಳುವವರೆಗೆ ಮೇಲಿನವರು ಯಾರಿಗೂ 'ಹೊರಟಿದೆ' ಅನ್ನುವಂತಿಲ್ಲ. ಅದಕ್ಕಾಗಿ ಕೌಂಟರಿಗೆ ಒಂದು ಫೋನ್ ಹಾಕಿದ್ದಾರೆ.

ನಿನ್ನೆ ಒಂದೂ ಐವತ್ತಾರಕ್ಕೆ ಅದು ಬಡಿದುಕೊಂಡಿತು. ಮೇಲೆ ಜನ ಕಡಿಮೆ ಇದ್ದರೇನೋ, ಅಕ್ಕನೇ ಮಾತಾಡಿದರು. ಅವರ ಇನ್ನೊಂದು ಕಿವಿಯ ಫೋನಿನಲ್ಲಿ ಯಾರೋ ಅಳುತ್ತಿದ್ದದ್ದು ನನಗೂ ಕೇಳಿಸಿತು.

"ಹೊರಟಿದ್ಯಾ ಅಣ್ಣಾ?"

ಡ್ರೈವರ್ ಗೊಣಗುತ್ತಾ ಹತ್ತಿ ಕೂತಿದ್ದ, ಬಾಗಿಲು ಹಾಕಿದ್ದ, ಗಾಡಿ ಶುರುವಾಗಿತ್ತು.

"ಇಲ್ಲಕ್ಕಾ, ಇನ್ನೂ ಇಲ್ಲೇ ಇದೆ. ತಾಳಿ," ಎಂದು ಫೋನ್ ಹಿಡಿದುಕೊಂಡೇ ಕಿಟಕಿಗೆ ಬಗ್ಗಿದೆ. ಮುಂದಿನ ಚಕ್ರ ಗೇಟು ದಾಟಿತು. ಹಿಂದಿನದೂ ದಾಟಿತು.

"ಹೊರಟಿದೆ," ಎಂದೆ.