ಸೊಟ್ಟ ಗೆರೆಯ ಬುಗುರಿ

ಇವತ್ತು ಬೆಳಿಗ್ಗೆ ಹಿತ್ತಲಿನಿಂದ ಬಿಸಿ ಅರಗಿನ ವಾಸನೆ ಬಂತು. ಕಾಫಿ ಲೋಟ ಹಿಡಿದವಳು ಹಾಗೇ ನಿಂತೆ. ಚನ್ನಪಟ್ಟಣದವರಿಗೆ ಈ ವಾಸನೆ ಹೊಸದೇನಲ್ಲ ಬಿಡಿ. ಆದರೆ ನಮ್ಮ ಮನೆಯಲ್ಲಿ ಅದು ನಿಂತುಹೋಗಿ ಎರಡು ವರ್ಷವಾಗಿತ್ತು.

ನನ್ನ ಸೋದರಮಾವ ಬೊಂಬೆ ಮಾಡುವವರು. ಯಂತ್ರದಲ್ಲಿ ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವಾಗ ಅವರ ಗತ್ತೇ ಬೇರೆ. ಒಂದು ಹಂತದಲ್ಲಿ, ಯಾರೂ ಇಲ್ಲದಿದ್ದರೂ ಅವರ ಕಿವಿಗೆ ದನಿಗಳು ಕೇಳತೊಡಗಿದವು, ನಿದ್ದೆ ಹೋಯಿತು. ಆಸ್ಪತ್ರೆಯ ಮಾತ್ರೆ ಆ ದನಿಗಳನ್ನು ಅಡಗಿಸಿತು. ಜೊತೆಗೆ ಕೈಯನ್ನೂ ನಡುಗಿಸಿತು. ಬುಗುರಿಯ ಸುತ್ತ ಎಳೆದ ಕೆಂಪು ಗೆರೆ ಸೊಟ್ಟಗಾಯಿತು. ಮಾವ ಉಳಿ ಕೆಳಗಿಟ್ಟರು.

ತಿಂಗಳಿಗೊಮ್ಮೆ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದವಳು ನಾನೇ. "ಹೇಗಿದ್ದಾರೆ?" ಎಂದು ಆಕೆ ಕೇಳಿದರೆ, ಮಾವ ಬಾಯಿ ತೆರೆಯುವ ಮೊದಲೇ "ಚೆನ್ನಾಗವ್ರೆ ಮೇಡಂ" ಎಂದುಬಿಡುತ್ತಿದ್ದೆ. ದೊಡ್ಡವರೆದುರು ದೂರು ಹೇಳಬಾರದೆಂದು ಬೆಳೆಸಿದ ಮನೆ ನಮ್ಮದು. ಮೇಲಾಗಿ ಮಾತ್ರೆ ಬದಲಿಸಿ ದನಿಗಳು ಮತ್ತೆ ಬಂದರೆ ಎಂಬ ಹೆದರಿಕೆ. ಮಕ್ಕಳಿಗೆ ವಿಜ್ಞಾನ ಪಾಠ ಮಾಡುವ ನನ್ನ ಬುದ್ಧಿವಂತಿಕೆ ಅಷ್ಟಕ್ಕೇ ನಿಂತಿತ್ತು.

ಕಳೆದ ವರ್ಷ ಒಂದು ದಿನ ಮಾವ ಚೀಲದಿಂದ ಆ ಸೊಟ್ಟ ಗೆರೆಯ ಬುಗುರಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟರು.

"ಇವ್ಳು ಚೆಂದಾಗವ್ರೆ ಅಂತಾಳೆ. ನನ್ ಕೈ ಇಂಗೈತೆ, ನೋಡಿ."

ನನಗೆ ನಾಚಿಕೆಯಾಯಿತು. ಡಾಕ್ಟರು ಬುಗುರಿಯನ್ನು ತಿರುಗಿಸಿ ನೋಡಿದರು.

"ಈ ಮಾತ್ರೆಗಳನ್ನ ಒಂದಕ್ಕೊಂದು ಹೋಲಿಸಿ ಸಂಶೋಧನೆ ಮಾಡಿದಾರೆ. ಇನ್ನೊಂದು ಮಾತ್ರೆ ಇದೆ, ಅದರಲ್ಲಿ ನಡುಕ ಕಡಿಮೆ. ಆದ್ರೆ ತೂಕ, ಶುಗರ್ ಮೇಲೆ ಕಣ್ಣಿಡಬೇಕು. ಔಷಧಿ ತಟ್ಟನೆ ಬಿಟ್ರೆ ಕಾಯಿಲೆ ಮರಳಬಹುದು ಅಂತಾನೂ ಸಂಶೋಧನೆಯಿಂದಾನೇ ಗೊತ್ತಾಗಿರೋದು. ನಿಧಾನಕ್ಕೆ ಬದಲಿಸೋಣ."

"ಆ ಸಂಶೋದ್ನೆ ಒಳಗೆ ಬೊಂಬೆ ಮಾಡೋರು ಇದ್ರಾ ಮೇಡಂ?"

ಆಕೆ ನಕ್ಕರು. "ಗೊತ್ತಿಲ್ಲ. ಅದಕ್ಕೇ ನಿಮ್ಮ ಕೈ ಸಮಾಚಾರ ನೀವೇ ಹೇಳ್ಬೇಕು."

ಮಾತ್ರೆ ಬದಲಾಗುತ್ತಿದ್ದ ಆ ವಾರಗಳಲ್ಲಿ ನಾನು ಪಟ್ಟ ದಿಗಿಲು ಅಷ್ಟಿಷ್ಟಲ್ಲ. ಮಾವ ಸುಮ್ಮನೆ ಗೋಡೆ ನೋಡಿದರೂ ಓಡಿಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ದನಿಗಳು ಬರಲಿಲ್ಲ. ಕೈ ನಡುಕವೂ ತಿಂಗಳು ತಿಂಗಳಿಗೆ ತಗ್ಗುತ್ತಾ ಬಂತು.

ಈಗ ಹಿತ್ತಲಿಗೆ ಹೋದರೆ ಮೂರು ಹೊಸ ಬುಗುರಿಗಳು, ಇನ್ನೂ ಬೆಚ್ಚಗಿದ್ದವು. ಎರಡರ ಗೆರೆ ನೆಟ್ಟಗಿತ್ತು, ಒಂದರದ್ದು ಸ್ವಲ್ಪ ಸೊಟ್ಟ. ಇವತ್ತು ಡಾಕ್ಟರನ್ನು ಕಾಣುವ ದಿನ. ನೆಟ್ಟಗಿದ್ದ ಎರಡನ್ನು ಚೀಲಕ್ಕೆ ಹಾಕಿ, ಮೂರನೆಯದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಹಳೆಯ ಚಾಳಿ, ನೋಡಿ!

"ಅದ್ನೂ ಆಕ್ಕೊಳ್ಳವ್ವ," ಎಂದರು ಮಾವ. "ಮೇಡಂಗೆ ಅದೇ ಬೇಕಾಗಿರೋದು."

ಹಾಕಿಕೊಂಡೆ. ಇವತ್ತು "ಹೇಗಿದ್ದಾರೆ?" ಎಂದು ಕೇಳಿದಾಗ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಮಾವ ಹೇಳುತ್ತಾರೆ.