ಫೋಟೋ ಕಟ್ಟಿನ ಅಂಗಡಿಯ ಕೌದಿ

ನಾನು ಹತ್ತಿರದ ಆರಗ ಹಳ್ಳಿಯಿಂದ ಮಿರಜಿಗೆ ಸೊಸೆಯಾಗಿ ಬಂದ ವರ್ಷವೇ ನಮ್ಮವರು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ತೆರೆದರು. ಮನೆತನದವರೆಲ್ಲ ಪೇಟೆಯಲ್ಲಿ ಬೆಲ್ಲ, ಅರಿಷಿಣದ ವ್ಯಾಪಾರ ಮಾಡುತ್ತಿದ್ದರು. ಇವರಿಗೆ ಮಾತ್ರ ಗೋಣಿಚೀಲದ ಸಹವಾಸ ಒಗ್ಗಲಿಲ್ಲ. ಕಟ್ಟಿಗೆ, ಗಾಜು, ಬಣ್ಣದ ಚಿತ್ರ ಅಂದರೆ ಜೀವ. ಅಣ್ಣಂದಿರು ಬೇಡ ಅನ್ನಲಿಲ್ಲ. ತಮ್ಮ ಅಂಗಡಿಯ ಹಳೆಯ ಕೌಂಟರೊಂದನ್ನು ನಾಲ್ಕು ಜನರ ಕೈಯಲ್ಲಿ ಹೊರಿಸಿ ಕಳಿಸಿಕೊಟ್ಟರು.

ಕೌಂಟರೇನೋ ಗಟ್ಟಿ ಸಾಗುವಾನಿಯದು. ಆದರೆ ತೂಕದ ಕಲ್ಲು ಕುಕ್ಕಿ ಕುಕ್ಕಿ ಅದರ ಮೈತುಂಬ ಸಿಡುಬಿನ ಕಲೆಯಂಥ ಕುಳಿಗಳು. ಕುಳಿಗಳ ಅಂಚಿಗೆ ಸೀಳು. ಗಾಜು ಇಟ್ಟರೆ ಗೀರು, ಬಂಗಾರದ ಬಣ್ಣದ ಪಟ್ಟಿ ಇಟ್ಟರೆ ಬಣ್ಣ ಕಿತ್ತು ಬರುತ್ತಿತ್ತು. ಏನಾದರೂ ಹಾಸಲೇಬೇಕು. ನಮ್ಮವರು ಮೊದಲು ತಗಡು ಹೊಡೆಸಿದರು. ಗಾಜನ್ನು ಎಷ್ಟು ಮೆಲ್ಲಗೆ ಇಟ್ಟರೂ ಅದು ಗಂಟೆ ಬಾರಿಸಿದಂತೆ ಠಣ್ ಅನ್ನುತ್ತಿತ್ತು. ಮಧ್ಯಾಹ್ನ ಬಿಸಿಲು ಬಿದ್ದಾಗ ಗಿರಾಕಿಗಳು ಕಣ್ಣು ಮುಚ್ಚಿಕೊಂಡೇ ಮಾತಾಡಬೇಕಿತ್ತು. ತಗಡು ಕಿತ್ತು ಒಳಗೆ ಬಂತು, ನಮ್ಮತ್ತೆ ಅದರ ಮೇಲೆ ಸಂಡಿಗೆ ಒಣಗಿಸಿದರು.

ಆಮೇಲೆ ಹಾಸಿದ್ದು ಅತ್ತೆಯದೇ ಕಂಬಳಿ. "ಮೆತ್ತಗ ಇರ್ತೈತಿ, ಗಾಜ ಒಡಿಯೂದಿಲ್ಲ" ಅಂತ ಅವರೇ ಮುಂದೆ ನಿಂತು ಮೊಳೆ ಹೊಡೆಸಿದರು. ಗಂಡ ತೀರಿಹೋದ ಮೇಲೆ ಮಕ್ಕಳನ್ನು ಗದರಿಸಿ ಬೆಳೆಸಿದ ಹೆಂಗಸು, ಅವರ ಮಾತಿಗೆ ಮನೆಯಲ್ಲಿ ಎದುರಿಲ್ಲ. ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಈಚೆ ಕುಳಿತು ಗಾಜು ಒರೆಸಿಕೊಡುವುದು ನನ್ನ ಕೆಲಸವಾಗಿತ್ತು.

ಒಂದು ಬೆಳಿಗ್ಗೆ ಲಿಂಗನೂರಿನ ರೈತರೊಬ್ಬರು ಬಟ್ಟೆಯಲ್ಲಿ ಸುತ್ತಿದ ಪಟವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಹಿಂದಿನ ವಾರವಷ್ಟೇ ಕಟ್ಟು ಹಾಕಿಸಿಕೊಂಡು ಹೋಗಿದ್ದ ಲಕ್ಷ್ಮಿಯ ಪಟ. ಅವರ ಧ್ವನಿ ಪರದೆಯ ಒಳಗೂ ಕೇಳಿಸಿತು.

"ನಮ್ಮವ್ವ ಬೆಳಗಿನಿಂದ ಒಂದ ಸವನ ನಗಾಕತ್ತಾಳ್ರಿ. ಪೂಜಿ ಮಾಡಾಕ ಕುಂತ್ರ ಮಂತ್ರ ಬರವೊಲ್ದು."

"ಯಾಕ್ರಿ ಕಾಕಾ, ಏನಾತು?" ಅಂದರು ನಮ್ಮವರು.

"ಲಕ್ಷ್ಮಿಗೆ ಮೀಸಿ ಬಂದಾವ್ರಿ."

"ಮೀಸಿ?"

"ನೀವ ನೋಡ್ರಿ. ನನ್ನ ಮೀಸಿಕಿಂತ ಚಲೋ ಅದಾವ."

ನಾನು ಪರದೆ ಸರಿಸಿ ಇಣುಕಿದೆ. ಕಂಬಳಿಯ ಕರಿ ಎಳೆಯೊಂದು ಗಾಜಿಗೂ ಚಿತ್ರಕ್ಕೂ ನಡುವೆ ಸಿಕ್ಕಿಕೊಂಡು, ಸರಿಯಾಗಿ ದೇವಿಯ ಮೂಗಿನ ಕೆಳಗೆ, ಎರಡೂ ತುದಿ ಮೇಲಕ್ಕೆ ತಿರುಚಿ ನಿಂತಿತ್ತು. ನಮ್ಮವರು ನಗು ತಡೆಯಲು ತುಟಿ ಕಚ್ಚಿಕೊಂಡು ಮುಖ ಆಚೆ ತಿರುಗಿಸಿದರು. ಹಿಂದೆ ಬಂದು ನಿಂತಿದ್ದ ಅತ್ತೆ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಒಳಗಿನಿಂದ ಪಾತ್ರೆ ಬಿದ್ದ ಸಪ್ಪಳವೂ ಅವರ ನಗುವೂ ಕೂಡಿಯೇ ಕೇಳಿ ಬಂದವು. ರೈತರೂ ನಕ್ಕರು. ಕಟ್ಟು ಬಿಚ್ಚಿ, ಎಳೆ ತೆಗೆದು, ಮತ್ತೆ ಹಾಕಿಕೊಟ್ಟದ್ದಾಯಿತು. ಹೋಗುವಾಗ ಅವರು, "ನಮ್ಮವ್ವಗ ಬ್ಯಾಸರ ಆಕ್ಕೈತಿ ಈಗ" ಅಂದರು.

ಕಂಬಳಿ ಅವತ್ತೇ ಒಳಗೆ ಬಂತು. "ಮೀಸಿ ಬಂದದ್ದ ನನ್ನ ಕಂಬಳಿಯಿಂದ ಅಂತ ಪ್ಯಾಟ್ಯಾಗ ಹೇಳಬ್ಯಾಡ ಮತ್ತ" ಅಂತ ಅತ್ತೆ ಮಗನಿಗೆ ತಾಕೀತು ಮಾಡಿದರು.

ನಮ್ಮವರ ಮನಸ್ಸಿನಲ್ಲಿ ಮೊದಲಿನಿಂದ ಇದ್ದದ್ದು ಹಸಿರು ಬನಾತು. ಸಾಂಗಲಿಯ ಫೋಟೋ ಸ್ಟುಡಿಯೋ ಒಂದರಲ್ಲಿ ಆ ದಪ್ಪ ಉಣ್ಣೆಯ ಬಟ್ಟೆಯನ್ನು ಮೇಜಿಗೆ ಹಾಸಿದ್ದನ್ನು ನೋಡಿ ಬಂದಿದ್ದರು. ನುಣ್ಣಗೆ, ಹುಲ್ಲಿನ ಹಾಗೆ, ಅಂತ ಕೈಯಾಡಿಸಿ ತೋರಿಸುತ್ತಿದ್ದರು. ಅತ್ತೆ ಒಂದು ದಿನ ಇದ್ದಕ್ಕಿದ್ದಂತೆ ಅಂದರು: "ಸಾಂಗಲಿಗೆ ಹೋಗಿ ಬರ್ರಿ, ಇಬ್ಬರೂ. ಬಣ್ಣ ಆರಸೂದು ಗಂಡಸರಿಗೆ ತಿಳಿಯೂದಿಲ್ಲ."

ಮದುವೆಯಾದ ಮೇಲೆ ನಾವಿಬ್ಬರೇ ಊರು ಬಿಟ್ಟು ಹೊರಟದ್ದು ಅದೇ ಮೊದಲು. ರೈಲು ಹತ್ತಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುವಷ್ಟರಲ್ಲಿ ಸಾಂಗಲಿ ಬಂತು. ಆಗಿನ್ನೂ ಸಂಸ್ಥಾನಗಳ ಕಾಲ, ಮಿರಜಿನ ರಾಜರ ಸೀಮೆ ಮುಗಿದು ಸಾಂಗಲಿಯ ರಾಜರ ಸೀಮೆ ಎಲ್ಲಿ ಶುರುವಾಯಿತೋ ನನಗೆ ಗೊತ್ತೇ ಆಗಲಿಲ್ಲ. ಮನೆಯಲ್ಲಿ ನನ್ನ ಕಡೆ ನೋಡಲೂ ಸಂಕೋಚಪಡುತ್ತಿದ್ದವರು ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ನನಗೆ ಬಿಟ್ಟುಕೊಟ್ಟು, ದಾರಿಯುದ್ದಕ್ಕೂ ಅದು ನೋಡು, ಇದು ನೋಡು ಅನ್ನುತ್ತಲೇ ಇದ್ದರು.

ಬಟ್ಟೆ ಅಂಗಡಿಯ ಸೇಠ್‌ಜಿ ಗಾದಿಯ ಮೇಲೆ ಒರಗಿ ಕೂತಿದ್ದರು. ಬನಾತು ಅಂದ ಕೂಡಲೇ ಎರಡೂ ಕೈ ಮೇಲೆತ್ತಿ, "ಬನಾತ? ತೀ ಲಢಾಯೀಲಾ ಗೇಲೀ!" ಅಂದರು. ಯುದ್ಧದ ಕಾಲ. ಉಣ್ಣೆಯ ಬಟ್ಟೆಯೆಲ್ಲ ಸೈನ್ಯದ ಪಾಲಾಗಿ, ಬನಾತು ಕೂಡ ಲಡಾಯಿಗೆ ಹೋಗಿಬಿಟ್ಟಿತ್ತು. ನಮ್ಮವರ ಮುಖ ಸಣ್ಣದಾಯಿತು. ಸೇಠ್‌ಜಿ ಕನಿಕರಪಟ್ಟು ಕಡುಗೆಂಪು ಮಖಮಲ್ಲಿನ ಥಾನು ಬಿಚ್ಚಿ ಹಾಸಿದರು. ಇವರು ಅದರ ಮೇಲೆ ಅಂಗೈ ಇಟ್ಟು ತೆಗೆದರು. ಐದೂ ಬೆರಳು ಹಾಗೇ ಮೂಡಿ ನಿಂತವು. ನಾನು ಮೆಲ್ಲಗೆ, "ದಿನಾ ಬಂದ ಗಿರಾಕಿಗಳ ಕೈಯೆಲ್ಲಾ ಇದರ ಮ್ಯಾಲೆ ಉಳಿತಾವಲ್ರಿ" ಅಂದೆ. ಸೇಠ್‌ಜಿಗೆ ಕನ್ನಡ ಬರುತ್ತಿತ್ತೋ ಏನೋ, ಗಹಗಹಿಸಿ ನಕ್ಕು ತಾವೇ ಬೆರಳಿನಿಂದ ಮಖಮಲ್ಲಿನ ಮೇಲೆ ಒಂದು ಗಣಪತಿ ಬರೆದರು. ಸೊಂಡಿಲು ಬಹಳ ಚೆನ್ನಾಗಿ ಬಂದಿತ್ತು. ನಾವು ನಮಸ್ಕಾರ ಹೇಳಿ ಎದ್ದೆವು.

ರೈಲಿಗೆ ಇನ್ನೂ ಹೊತ್ತಿತ್ತು. ಭಡಂಗದ ಪೊಟ್ಟಣ ಕಟ್ಟಿಸಿಕೊಂಡು ಕೃಷ್ಣೆಯ ಘಾಟಿಗೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ಆ ಮಂಡಕ್ಕಿಯ ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು. ಎದುರಿಗೆ ನೀರಿನಿಂದ ಎದ್ದು ಬಂದ ಎಮ್ಮೆಯೊಂದು ಬಿಸಿಲಿಗೆ ನಿಂತಿತ್ತು, ಅದರ ಪಕ್ಕ ಹೆಂಗಸರು ಕೌದಿ ಒಗೆದು ಕಲ್ಲುಗಳ ಮೇಲೆ ಹರವಿದ್ದರು. ತುಂಡು ತುಂಡು ಬಟ್ಟೆ ಜೋಡಿಸಿ ಒತ್ತಾಗಿ ಹೊಲಿದ ಕೌದಿಗಳು, ಹಳದಿ, ಕೆಂಪು, ನೀಲಿ. ಬಿಸಿಲಿಗೆ ಬಣ್ಣ ಎದ್ದು ಕಾಣುತ್ತಿತ್ತು. ಎಳೆ ಉದುರದ ಬಟ್ಟೆ, ಜಾರದ ಹೊಲಿಗೆ, ಹೊಲಸಾದರೆ ಒಗೆಯಲೂ ಬರುತ್ತದೆ.

"ನಮಗ ಬೇಕಾದ್ದ ಅಲ್ಲೇ ಒಣಗಾಕತ್ತೈತಿ, ನೋಡ್ರಿ" ಅಂದೆ.

ಅವರು ಕಣ್ಣೊರೆಸಿಕೊಂಡು ನೋಡಿದರು. "ಯಾವುದು? ಎಮ್ಮಿ?"

"ಎಮ್ಮಿ ಎಲ್ಲರೆ ಒಣಗತೈತೇನ್ರಿ? ಕೌದಿ."

"ಅಂಗಡ್ಯಾಗ ಹಾಸಿಗಿ ಹಾಸೂದಾ? ಬಂದ ಗಿರಾಕಿ ಅಲ್ಲೇ ಮಲಗತಾನ" ಅಂದರು. ಆದರೆ ರೈಲು ಹತ್ತುವ ಮೊದಲೇ ಕೌದಿ ಎಷ್ಟು ಉದ್ದ ಇರಬೇಕು ಅಂತ ಗೇಣು ಹಾಕಿ ಲೆಕ್ಕ ಹಿಡಿಯುತ್ತಿದ್ದರು.

ಅತ್ತೆ ಏನನ್ನುತ್ತಾರೋ ಅಂತ ನನಗೆ ಹೆದರಿಕೆ ಇತ್ತು. ಗಿರಾಕಿ ಮಲಗುವ ಮಾತನ್ನೂ ಸೇರಿಸಿ ಮಗ ಎಲ್ಲ ಹೇಳಿದ ಮೇಲೆ ಅವರು, "ಹಳೇ ಸೀರಿ ಬ್ಯಾಡ. ಮ್ಯಾಲೆ ದೇವರ ಪಟಾ ಇಡೂದೈತಿ. ಉಟ್ಟದ್ದಲ್ಲ, ಹೊಚ್ಚಿದ್ದಲ್ಲ, ಹೊಸಾ ಅರಿವಿ ಬೇಕು" ಅಂದರು. ಯುದ್ಧಕಾಲದಲ್ಲಿ ಹೊಸ ಬಟ್ಟೆ ಎಲ್ಲಿಂದ ತರುವುದು? ಎದುರು ಸಾಲಿನ ಮುದುಕ ದರ್ಜಿಯನ್ನು ನಾವು ಚಾಚಾ ಅನ್ನುತ್ತಿದ್ದೆವು. ಅವರು ಹೊಲಿಗೆಯಲ್ಲಿ ಉಳಿದ ತುಂಡುಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ ಕಳಿಸಿದರು. ಪ್ರತಿಯಾಗಿ ಅವರು ಕೇಳಿದ್ದು ಇಷ್ಟೇ: ತಮ್ಮ ಮನೆಯ ಮಕ್ಕಾದ ಚಿತ್ರಕ್ಕೆ ಹೊಸ ಗಾಜು.

ಮೂರು ಮನೆಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತು ಕೌದಿ ಹೊಲಿದೆವು. ಮದುವಣಗಿತ್ತಿಯರ ರೇಷ್ಮೆ ಕುಬಸದ ತುಂಡು, ಸಂಸ್ಥಾನದ ಸಿಪಾಯಿಗಳ ಖಾಕಿ, ಯಾರದೋ ಗೆರೆಗೆರೆಯ ಅಂಗಿ, ಎಲ್ಲ ಒಂದರ ಪಕ್ಕ ಒಂದು ಬಂದು ಕೂತವು. ಈ ಕುಬಸ ಯಾರದಿರಬಹುದು ಅಂತ ಊಹಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಕೌದಿ ಮುಗಿದಾಗ ಅದರ ಮೂಲೆಯಲ್ಲಿ ಹೋಳಿಗೆಯ ಒಂದು ತುಣುಕು ಇಟ್ಟು ಹೊಲಿಯುವುದು ನಮ್ಮ ಕಡೆಯ ರೂಢಿ, ಕೌದಿ ಹಸಿದಿರಬಾರದು ಅಂತ. ನಮ್ಮವರು ಗಾಬರಿಯಾಗಿ ಬಂದು, "ಅವ್ವಾ, ಇರವಿ ಬರ್ತಾವು, ಪಟಕ್ಕೆಲ್ಲಾ ತುಪ್ಪ ಹತ್ತತೈತಿ" ಅಂದರು. ಅತ್ತೆ ಕೌದಿಯ ಪಾಲಿನ ಹೋಳಿಗೆಯನ್ನು ಮುರಿದು ನಮಗೆಲ್ಲ ಹಂಚಿ, "ಅದರ ಪರವಾಗಿ ನೀವ ಉಣ್ರಿ" ಅಂದರು.

ಕೌದಿ ಹಾಸಿದ ಮೊದಲನೆಯ ಮಧ್ಯಾಹ್ನವೇ ಅಂಗಡಿಯಲ್ಲಿ ಸುತ್ತಿಗೆಯ ಸಪ್ಪಳ ನಿಂತಿತು. ಅತ್ತೆ ಪರದೆ ಎತ್ತಿ ನನ್ನನ್ನು ಕರೆದು ತೋರಿಸಿದರು. ನಮ್ಮವರು ಕೌಂಟರಿನ ಮೇಲೆ ತಲೆಯಿಟ್ಟು, ಬಾಯಿ ತೆರೆದು ಸುಖವಾಗಿ ನಿದ್ದೆ ಹೋಗಿದ್ದರು. "ಗಿರಾಕಿ ಮಲಗತಾನಂತ ಅಂವಾ ಹೇಳಿದ್ನಲ್ಲ, ಮಾಲಕನ ಮಲಗ್ಯಾನ ನೋಡ" ಅಂದರು ಅತ್ತೆ.

ಗಾಜು ಮತ್ತೆ ಗೀರಲಿಲ್ಲ, ಯಾವ ದೇವಿಗೂ ಮೀಸೆ ಬರಲಿಲ್ಲ. ನಾವು ಎಣಿಸದೇ ಇದ್ದದ್ದು ಇನ್ನೊಂದು ಆಯಿತು. ಹೈಸ್ಕೂಲು ಮಾಸ್ತರರ ಹೆಂಡತಿ ತಮ್ಮ ತಂದೆಯ ಫೋಟೋ ತಂದವರು, ಚಿತ್ರದ ಸುತ್ತ ಯಾವ ಬಣ್ಣದ ಅಂಚು ಬೇಕು ಅಂತ ಕೇಳಿದರೆ ಬಾಯಲ್ಲಿ ಹೇಳಲಾರದೆ ಕೌದಿಯ ಒಂದು ನೇರಳೆ ತುಂಡಿನ ಮೇಲೆ ಬೆರಳಿಟ್ಟರು. ಫೋಟೋವನ್ನು ಆ ತುಂಡಿನ ಮೇಲೆ ಸರಿಸಿ ನೋಡಿದರು, ಪಕ್ಕದ ಬೂದಿಬಣ್ಣದ ಮೇಲೆ ಇಟ್ಟು ನೋಡಿದರು. ನಮ್ಮವರಿಗೆ ನೇರಳೆಗೂ ನೀಲಿಗೂ ಅಷ್ಟೇನೂ ಫರಕು ಗೊತ್ತಾಗುತ್ತಿರಲಿಲ್ಲ. ಪರದೆಯ ಕಡೆ ತಿರುಗಿ, "ಸ್ವಲ್ಪ ಹೊರಗ ಬಾ" ಅಂತ ಕರೆದರು. ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಸೆರಗು ಸರಿಮಾಡಿ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದರು.

ಫೋಟೋ ಹಳೆಯದಾಗಿ ಕಂದುಬಣ್ಣಕ್ಕೆ ತಿರುಗಿದೆ, ಅದಕ್ಕೆ ಬೂದಿ ಒಪ್ಪುತ್ತದೆ ಅಂದೆ. ಆ ತಾಯಿ ನನ್ನ ಮಾತು ಒಪ್ಪಿದರು. ಆ ಮೇಲಿನ ದಿನಗಳಲ್ಲಿ ಬಂದವರೆಲ್ಲ ಬಣ್ಣಕ್ಕೆ ನನ್ನನ್ನೇ ಕೇಳತೊಡಗಿದರು. ಮನೆಗೆಲಸ ಮುಗಿಸಿ ನಾನು ಮಣೆ ತಂದು ಅಂಗಡಿಯಲ್ಲೇ ಕೂರುವಂತಾಯಿತು. ನನ್ನ ಅರೆಬರೆ ಮರಾಠಿ ಕೇಳಿ ಗಿರಾಕಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಬಣ್ಣ ಮಾತ್ರ ತಪ್ಪುತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ನಮ್ಮ ಓಣಿಯ ಸಿತಾರು ಮಾಡುವ ಕಾರೀಗರರು ಬಂದು ಕೌದಿಯನ್ನು ಒತ್ತಿ ಒತ್ತಿ ನೋಡಿದರು. ಸಿತಾರಿನ ಬುಡಕ್ಕೆ ಕೊರೆಯುವ ದೊಡ್ಡ ಸೋರೆಕಾಯಿ ಹಲಗೆಯ ಮೇಲೆ ಉರುಳಾಡುತ್ತದೆ, ತಮಗೂ ಇಂಥದ್ದೇ ಒಂದು ಬೇಕು ಅಂದರು. ಅಳತೆಗೆ ಅಂತ ಒಣಗಿದ ಸೋರೆಕಾಯಿಯೊಂದನ್ನು ಪಡಸಾಲೆಯಲ್ಲಿ ಬಿಟ್ಟು ಹೋದರು. ಅತ್ತೆ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ತಟ್ಟಿ ಸಪ್ಪಳ ಕೇಳಿದರು.

"ಸೋರಿಕಾಯಿಗೂ ಹಾಸಿಗಿ ಹೊಲಿಯೂ ಕಾಲ ಬಂತವಾ" ಅಂದು, ಚಾಚಾನ ಅಂಗಡಿಯಿಂದ ಇನ್ನೊಂದು ಚೀಲ ತರಲು ನನ್ನನ್ನು ಕಳಿಸಿದರು.