ಅತ್ತೆ ಕಾಯದ ಕುರಡಗಿ

ನಮ್ಮ ಅತ್ತೆ ಹೋದ ಮೇಲೆ ಇದು ಮೊದಲ ಬೇಸಿಗೆ. ಈ ವರ್ಷ ಕುರಡಗಿ ಸಂಡಿಗೆ ಮಾಡಬೇಕೋ ಬೇಡವೋ ಎಂದು ಎಂಟು ದಿನ ಯೋಚಿಸಿದೆ. ಗೋದಿಯನ್ನು ಮೂರು ದಿನ ನೆನೆಸಿ, ರುಬ್ಬಿ, ಹಾಲು ತೆಗೆದು, ಗಟ್ಟಿಯಾಗುವವರೆಗೆ ಕುದಿಸಿ, ಬಿಸಿ ಆರುವ ಮೊದಲೇ ಶಾವಿಗೆ ಒರಳಿಗೆ ತುಂಬಿ ಒತ್ತಬೇಕು. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಒಣಗಿಸಬೇಕು. ಒಣಗುವವರೆಗೆ ಗುಬ್ಬಿ, ಅಳಿಲು ಬಾಯಿ ಹಾಕದಂತೆ ಯಾರಾದರೂ ಕಾಯಬೇಕು. ಗೋಕಾಕದ ನಮ್ಮ ಮನೆಯಲ್ಲಿ ಆ ಕೆಲಸ ಅತ್ತೆಯದು.

ಮೊಣಕಾಲು ನೋಯುತ್ತಿದ್ದರೂ ಬೇಸಿಗೆಯಲ್ಲಿ ಅವರು ಒಂದೊಂದೇ ಮೆಟ್ಟಿಲ ಮೇಲೆ ಕೂತು ಎದ್ದು ಮಾಳಿಗೆ ಹತ್ತುತ್ತಿದ್ದರು. ನೀರಿನ ಟಾಕಿಯ ನೆರಳಲ್ಲಿ, ತೊಡೆಯ ಮೇಲೆ ಕೋಲು ಅಡ್ಡ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂರುತ್ತಿದ್ದರು.

ಹೋದ ಬೇಸಿಗೆಯಲ್ಲಿ ದಿನವೂ ಸೀರೆಯ ಅಂಚಿನ ಕುರಡಗಿ ಕಡಿಮೆಯಾಗುತ್ತಿತ್ತು. ಅತ್ತೆಗೆ ಜೋಂಪು ಹತ್ತುತ್ತಿರಬೇಕು ಅಂದುಕೊಂಡು ಒಂದು ದಿನ ಸದ್ದಿಲ್ಲದೆ ಮೇಲೆ ಹೋದೆ. ಅವರು ಎಚ್ಚರವಾಗಿಯೇ ಇದ್ದರು. ಹಸಿ ಕುರಡಗಿ ಮುರಿದು ಮುಂದೆ ಚೆಲ್ಲುತ್ತಿದ್ದರು. ಕೈಗೆ ಸಿಗುವಷ್ಟು ಹತ್ತಿರದಲ್ಲಿ ನಾಲ್ಕೈದು ಗುಬ್ಬಿ ಹೆಕ್ಕುತ್ತಿದ್ದವು.

"ಅತ್ತಿ, ಇದಕ್ಕ ಕಾಯೋದು ಅಂತಾರೇನ್ರಿ?"

"ಒಬ್ಬಾಕಿನ ಕುಂತಿರ್ತೇನಿ, ನನಗೂ ಜೋಡಿ ಬ್ಯಾಡೇನ? ಗುಬ್ಬಿ ಹೊಟ್ಟಿ ಎಷ್ಟರ ಇರ್ತೈತಿ? ನಿನ್ನ ಗಂಡನ ಹೊಟ್ಟಿ ನೋಡು, ಅದರ ಮುಂದ ಇವು ತಿನ್ನೋದೇನು!"

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ಬಿಸಿ ಹಿಟ್ಟು ತಾಗಿ ಎರಡು ಬೆರಳಲ್ಲಿ ಬೊಬ್ಬೆ ಎದ್ದಿದ್ದವು. ಹುಕ್ಕೇರಿಯ ನನ್ನ ತವರಿಗೆ ಒಂದು ಡಬ್ಬಿ ಕಳಿಸುತ್ತೇನೆ ಎಂದು ಬೇರೆ ಹೇಳಿದ್ದೆ.

"ಕುಂತು ಕಾಯೋದೂ ನಿಮ್ಮ ಕೈಲೆ ಆಗಂಗಿಲ್ಲ ಅಂದ್ರ ನಾಳಿಯಿಂದ ಮ್ಯಾಲ ಬರಬ್ಯಾಡ್ರಿ" ಅಂದೆ.

ಮರುದಿನ ಕುರಡಗಿಯ ಮೇಲೆ ಬಲೆ ಹಾಸಿ ನಾಲ್ಕು ಮೂಲೆಗೂ ಇಟ್ಟಂಗಿ ಇಟ್ಟೆ. ಟಾಕಿಯ ಪೈಪಿನಿಂದ ಅರಿವೆ ಒಣಗಿಸುವ ಕಂಬದವರೆಗೆ ಹಳೆಯ ಕ್ಯಾಸೆಟ್ಟಿನ ಪಟ್ಟಿ ಎಳೆದು ಕಟ್ಟಿದೆ. ಗಾಳಿಗೆ ಅದು ಮಿಂಚುತ್ತ ಗುಂಯ್‌ಗುಡುತ್ತಿತ್ತು. ಒಂದು ಗುಬ್ಬಿಯೂ ಇಳಿಯಲಿಲ್ಲ. ನಾನು ಕೆಳಗೆ ಬಂದಾಗಲೆಲ್ಲ ಅತ್ತೆ ಹಾಸಿಗೆಯಿಂದಲೇ ಕೇಳುತ್ತಿದ್ದರು.

"ಗುಬ್ಬಿ ಬಂದಿದ್ವೇನ?"

"ಇಲ್ರಿ, ಒಂದೂ ಬಂದಿಲ್ಲ" ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದೆ.

"ಚಲೋ ಆತು ಬಿಡು" ಅಂದು ಗೋಡೆಯ ಕಡೆ ಹೊರಳುತ್ತಿದ್ದರು.

ಮತ್ತೆ ಅವರು ಮಾಳಿಗೆ ಹತ್ತಲಿಲ್ಲ. ಮಳೆಗಾಲದಲ್ಲಿ ನಾಲ್ಕು ದಿನ ಜ್ವರ ಬಂದು ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ, ಅತ್ತೆಯ ತಂಗಿ ಮೂಡಲಗಿಯಿಂದ ಬಂದವರು ಕೆಲವು ದಿನ ನಮ್ಮಲ್ಲೇ ಉಳಿದರು. ನಾನು ಅವರನ್ನು ಸಣ್ಣತ್ತಿ ಅನ್ನುತ್ತೇನೆ. ಒಂದು ಸಂಜೆ ಅವರೇ ಹೇಳಿದರು. ಮಮದಾಪುರದ ತವರಿನಲ್ಲಿ ಅತ್ತೆ ಹುಡುಗಿಯಾಗಿದ್ದಾಗ ಹೊಲದ ಅಟ್ಟದ ಮೇಲೆ ನಿಂತು ಜೋಳ ಕಾಯುತ್ತಿದ್ದರಂತೆ. ಕವಣೆ ಬೀಸಿದರೆ ಗುರಿ ತಪ್ಪುತ್ತಿರಲಿಲ್ಲವಂತೆ.

"ಒಂದಿನ ಒಂದು ಗುಬ್ಬಿಗೆ ಕಲ್ಲು ಬಡೀತು. ಬಾಯಾಗ ಹುಳ ಹಿಡಕೊಂಡಿತ್ತು. ಅದರ ಗೂಡು ನಮ್ಮ ಮನಿ ತೊಲಿ ಸಂದ್ಯಾಗ ಇತ್ತವಾ. ಮರಿ ಇಡೀ ದಿನ ಚೀರಿದ್ವು. ನಿಮ್ಮತ್ತಿ ಅನ್ನ ಹಿಚುಕಿ ಹಾಕಿದ್ಲು, ನೀರು ಬಿಟ್ಟಳು. ಮುಂಜಾನೆ ಅನ್ನೂದ್ರಾಗ ಸಪ್ಪಳ ನಿಂತಿತ್ತು. ಅವತ್ತ ಕವಣಿ ತಗೊಂಡು ಒಲಿಯಾಗ ಒಗದ್ಲು. ಅಲ್ಲಿಂದ ಗುಬ್ಬಿಗೆ ಏನರ ಹಾಕದ ಬಾಯಾಗ ತುತ್ತು ಇಟ್ಟಾಕಿ ಅಲ್ಲ. ನಿನಗ ಹೇಳಿರಲಿಲ್ಲೇನ?"

ಹೇಳಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು ನಾನೂ ಕೇಳಿರಲಿಲ್ಲ.

"ಮೊನ್ನಿ ಬ್ಯಾಸಿಗಿ ಮುಗಿಯೂತನಕಾನೂ ಮಾಳಿಗಿ ಹತ್ತಿದ್ಲೋ ಇಲ್ಲೋ?"

"ಹೂನ್ರಿ, ಹತ್ತಿದ್ರು" ಅಂದೆ. ಸಣ್ಣತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಅಷ್ಟರ ಆತಲ್ಲ" ಅಂದರು. ನಾನು ಚಹಾ ಇಡುವ ನೆಪದಲ್ಲಿ ಒಳಗೆ ಹೋದೆ.

ಕೊನೆಗೆ ಈ ಬೇಸಿಗೆಯೂ ಕುರಡಗಿ ಒತ್ತಿದೆ. ಬಲೆ ಹಾಕಲಿಲ್ಲ. ಪೈಪಿಗೆ ಅಂಟಿಕೊಂಡು ಉಳಿದಿದ್ದ ಪಟ್ಟಿಯ ತುಂಡನ್ನೂ ಕೊಯ್ದು ತೆಗೆದೆ. ಅತ್ತೆಯ ಕೋಲು ಹಿಡಿದು ಅದೇ ನೆರಳಲ್ಲಿ ಕೂತೆ. ಹಸಿ ಕುರಡಗಿ ಮುರಿದು ಮುಂದೆ ಚೆಲ್ಲಿದೆ. ಮೂರು ದಿನ ಏನೂ ಬರಲಿಲ್ಲ, ಚೆಲ್ಲಿದ್ದು ಅಲ್ಲೇ ಒಣಗಿತು. ನಾಲ್ಕನೆಯ ದಿನ ಒಂದು ಹೆಣ್ಣು ಗುಬ್ಬಿ ಮಾಳಿಗೆಯ ಕಟ್ಟೆಯ ಮೇಲೆ ಕೂತಿತು. ಆ ಕಡೆ ಈ ಕಡೆ ನೋಡಿ ಸೀರೆಯ ಅಂಚಿಗೆ ಇಳಿಯಿತು. ಆಗ ನನ್ನ ಕೈ, ನಾನು ಹೇಳದೆಯೇ, ಕೋಲು ಎತ್ತಿತು.

ಕೋಲನ್ನು ಕೆಳಗೆ ಒಯ್ದು ಬಾಗಿಲ ಹಿಂದೆ ಇಟ್ಟೆ. ಅಲ್ಲೇ ನಿಂತು ಮೂಡಲಗಿಗೆ ಫೋನ್ ಹಚ್ಚಿದೆ. ಹೋದ ಬೇಸಿಗೆಯಲ್ಲಿ ಅತ್ತೆ ಮಾಳಿಗೆ ಬಿಟ್ಟದ್ದು ಯಾಕೆ, ನಾನು ಏನು ಅಂದಿದ್ದೆ, ಸಣ್ಣತ್ತಿಗೆ ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದೆ.  

"ಈಗ ಬರ್ತಾವೇನ ಗುಬ್ಬಿ?" ಎಂದು ಸಣ್ಣತ್ತಿ ಕೇಳಿದರು.

"ಒಂದು ಬಂದಿತ್ರಿ. ನಾನ ಓಡಿಸಿದೆ."